ಹೆಸರಿಗೆ ತೆರುವ ಬೆಲೆ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಂತಹ ಊರುಗಳಲ್ಲಿ ಕೋಳಿ ವ್ಯಾಪಾರ ಮುಸ್ಲಿಮ್ ಕುಟುಂಬಗಳಿಗೆ ಹೊಸತಲ್ಲ. ಈಗ ಅಂತಹ ಮನೆಯ ಓದಿದ ಮಗ, ಫ್ರೈಡ್ ಚಿಕನ್ ಕಂಪೆನಿಯೊಂದರ ಫ್ರಾಂಚೈಸಿ ಪಡೆಯೋಣವೆಂದು ತಂದೆಯ ಮುಂದೆ ಕೂರುತ್ತಾನೆ. ತಾಯಿಯ ಒಡವೆ, ಊರಾಚೆಯ ನಿವೇಶನ, ಬ್ಯಾಂಕಿನ ಸಾಲ ಎಲ್ಲವೂ ಮಾತಿಗೆ ಬರುತ್ತವೆ. ಸಹಿ ಹಾಕುವ ಮುನ್ನ ಆ ಮನೆಯವರು ಏನನ್ನು ವಿಚಾರಿಸಬೇಕು?

ಫ್ರಾಂಚೈಸಿ ಎಂದರೆ ಇನ್ನೊಬ್ಬರ ಹೆಸರಿನಲ್ಲಿ, ಅವರ ವಿಧಾನದಲ್ಲಿ, ನಮ್ಮ ಹಣದಿಂದ ಅಂಗಡಿ ನಡೆಸುವುದು. ಅಮೆರಿಕದ ಹಾರ್ಲಂಡ್ ಸ್ಯಾಂಡರ್ಸ್ 1952ರಲ್ಲಿ ಯೂಟಾ ರಾಜ್ಯದ ಹೋಟೆಲ್ ಮಾಲಕನೊಬ್ಬನಿಗೆ ತನ್ನ ಪಾಕವಿಧಾನವನ್ನು ಕೊಟ್ಟ. ಮಾರಿದ ಪ್ರತಿ ಕೋಳಿಗೂ ಕೆಲವು ಸೆಂಟ್ ಅವನಿಗೆ ಸಲ್ಲಬೇಕೆಂಬುದು ಅವನ ವ್ಯಾಪಾರದ ಕ್ರಮವಾಗಿತ್ತು. 1964ರಲ್ಲಿ 20 ಲಕ್ಷ ಡಾಲರಿಗೆ ಕಂಪೆನಿಯನ್ನೇ ಮಾರಿಬಿಟ್ಟ. ಆಮೇಲೆ ಅಲ್ಲಿನ ಗ್ರೇವಿ ಕೆಟ್ಟಿದೆಯೆಂದು ಅವನೇ ಬಹಿರಂಗವಾಗಿ ದೂರಿದ. ಬೋರ್ಡಿನಲ್ಲಿ ಮುಖ ಅವನದೇ, ಅಡುಗೆಮನೆ ಮಾತ್ರ ಅವನ ಕೈಯಲ್ಲಿರಲಿಲ್ಲ!

ಆ ಕೆಎಫ್‌ಸಿ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಬಂದದ್ದು 1995ರ ಜೂನ್‌ನಲ್ಲಿ. ಅಜಿನೊಮೊಟೊ ಮಿತಿ ಮೀರಿದೆಯೆಂದು ನಗರಪಾಲಿಕೆ ಅದನ್ನು ಮುಚ್ಚಿಸಿತು, ಹೈಕೋರ್ಟಿನಿಂದಾಗಿ ಮತ್ತೆ ತೆರೆಯಿತು. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಕಾರ್ಯಕರ್ತರು ಒಳನುಗ್ಗಿ ಗಾಜು ಪುಡಿಮಾಡಿದರು. ಅಂದು ಅಷ್ಟು ಪರಕೀಯವಾಗಿ ಕಂಡ ತಿನಿಸನ್ನು ಇಂದು ಸಣ್ಣ ಊರುಗಳಲ್ಲೂ ಕೇಳಿ ತಿನ್ನುವವರಿದ್ದಾರೆ.

ಹೆಸರಿಗೆ ಹಣ ಕೊಡುವುದು ಧರ್ಮಸಮ್ಮತವೇ ಎಂದು ಕೆಲವರು ಕೇಳುತ್ತಾರೆ. 1988ರಲ್ಲಿ ಕುವೈತ್‌ನಲ್ಲಿ ಸಭೆ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು ವ್ಯಾಪಾರದ ಹೆಸರು, ಮುದ್ರೆಗಳಿಗೆ ಮೌಲ್ಯವುಂಟೆಂದೂ, ಮೋಸ ಮತ್ತು ಅನಿಶ್ಚಿತತೆ ಇಲ್ಲದಿದ್ದರೆ ಅವುಗಳನ್ನು ಹಣ ಪಡೆದು ವರ್ಗಾಯಿಸಬಹುದೆಂದೂ ತೀರ್ಮಾನಿಸಿತು. ಹಾಗಾದರೆ ನೋಡಬೇಕಾದದ್ದು ಕರಾರಿನ ಒಳಗನ್ನು.

ಉದಾಹರಣೆಗೆ ಒಂದು ಲೆಕ್ಕ ಹಾಕಿ ನೋಡಿ. ತಿಂಗಳ ಮಾರಾಟ 3,00,000 ರೂಪಾಯಿ. ಕೋಳಿ, ಮಸಾಲೆ, ಎಣ್ಣೆಗೆ 1,65,000, ಸಂಬಳ 45,000, ಬಾಡಿಗೆ 25,000, ವಿದ್ಯುತ್ತು ಮತ್ತು ಗ್ಯಾಸಿಗೆ 30,000. ಕಂಪೆನಿಯ ಪಾಲು ಶೇಕಡಾ 6 ಎಂದರೆ 18,000. ಉಳಿದದ್ದು 17,000. ಈಗ ಶ್ರಾವಣ ಬಂತು, ನೆರೆಹೊರೆಯ ಅನೇಕರು ಮಾಂಸ ಬಿಟ್ಟರು, ಮಾರಾಟ 2,00,000ಕ್ಕೆ ಇಳಿಯಿತೆನ್ನಿ. ಸಾಮಗ್ರಿಗೆ 1,10,000 ಸಾಕು, ಗ್ಯಾಸು-ವಿದ್ಯುತ್ತು 25,000 ಆದೀತು. ಸಂಬಳ, ಬಾಡಿಗೆ ಇಳಿಯುವುದಿಲ್ಲ. ಕಂಪೆನಿಗೆ 12,000 ಸಲ್ಲಿಸಿದ ಮೇಲೆ ನಿಮಗೆ 17,000 ನಷ್ಟ. ಏಕೆಂದರೆ ಅದರ ಪಾಲು ಮಾರಾಟದ ಮೇಲಿದೆ, ಲಾಭದ ಮೇಲಲ್ಲ. ಇನ್ನು ಬ್ಯಾಂಕಿನ ಕಂತು 20,000 ಇದ್ದರೆ ಒಳ್ಳೆಯ ತಿಂಗಳಲ್ಲೂ 3,000 ಕೈಯಿಂದ ಹೋಗುತ್ತದೆ. ಬಡ್ಡಿಯ ನಿಷೇಧವನ್ನು ತಿಳಿದೂ ವ್ಯಾಪಾರಕ್ಕೆ ಬೇರೆ ದಾರಿಯಿಲ್ಲವೆನ್ನುವವರು ಈ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಬರೆದು ನೋಡಬೇಕು.

ಬೇರೆ ದಾರಿ ಖಂಡಿತ ಇದೆ. ಮುಳಾರಬದಲ್ಲಿ ಒಬ್ಬರ ಹಣ, ಇನ್ನೊಬ್ಬರ ದುಡಿಮೆ. ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ದುಡಿಯುವವನ ತಪ್ಪಿಲ್ಲದೆ ನಷ್ಟವಾದರೆ ಹಣ ಕಳೆದುಕೊಳ್ಳುವುದು ಹಣದವನು, ದುಡಿದವನ ಶ್ರಮ ವ್ಯರ್ಥ. ಪ್ರವಾದಿಯಾಗುವ ಮುನ್ನ ಮುಹಮ್ಮದರು(ಸ) ಖದೀಜರ(ರ) ಬಂಡವಾಳದಿಂದ ವ್ಯಾಪಾರ ಮಾಡಿದ್ದರು. ಗಂಗಾವತಿಯಲ್ಲಿ ಕಾಲುವೆ ನೀರಿನ ಭತ್ತದಿಂದ ಕೈಯಲ್ಲಿ ಹಣವಿರುವ ಬಂಧುಗಳು ಇಂತಹ ಪಾಲುದಾರಿಕೆಗೆ ಮುಂದಾಗಬಹುದು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದಲ್ಲಿ ಬೆಳೆ ಕೈಕೊಟ್ಟ ವರ್ಷ ಅಂಗಡಿಗೆ ಬರುವವರೇ ಕಡಿಮೆ. ಅಲ್ಲಿ ಸಣ್ಣದಾಗಿ ಆರಂಭಿಸುವುದೇ ಲೇಸು.

ಸೌದಿಯಲ್ಲಿ ಅಲ್‌ಬೈಕ್ ತಿಂದು ಬಂದ ಹಾಜಿಗಳು ಅದರ ರುಚಿಯನ್ನು ಹೊಗಳುತ್ತಾರೆ. 1974ರಲ್ಲಿ ಜಿದ್ದಾದಲ್ಲಿ ಹುಟ್ಟಿದ ಆ ಅಂಗಡಿ ದೇಶದ ಹೊರಗೆ, ಬಹ್ರೇನ್‌ನಲ್ಲಿ, ಬಾಗಿಲು ತೆರೆದದ್ದು 2020ರಲ್ಲಿ. ನಲವತ್ತಾರು ವರ್ಷಗಳು! ಹೆಸರು ಬೆಳೆಯಲು ಅಷ್ಟು ಕಾಲ ಕಾದವರೂ ಇದ್ದಾರೆ.

ಇನ್ನು ಕೋಳಿಯ ವಿಷಯ. ಊರಿನ ಅಂಗಡಿಯಲ್ಲಿ ದಬಹ್ ಮಾಡುವವನು ಯಾರೆಂದು ನಿಮಗೆ ಗೊತ್ತು. ದೂರದಿಂದ ಮಸಾಲೆ ಹಚ್ಚಿ ಹೆಪ್ಪುಗಟ್ಟಿಸಿದ ಮಾಂಸ ಬಂದರೆ ಎಲ್ಲಿ, ಹೇಗೆ ದಬಹ್ ಆಯಿತೆಂದು ಲಿಖಿತವಾಗಿ ಕೇಳಿ. ಗೋಡೆಗೆ 'ಹಲಾಲ್' ಎಂದು ಬರೆಸುವವರು ನೀವು, ಗಿರಾಕಿ ನಂಬುವುದೂ ನಿಮ್ಮನ್ನು. ಎಣ್ಣೆಯ ವಿಷಯದಲ್ಲೂ ಅಷ್ಟೇ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ 'ಟೋಟಲ್ ಪೋಲಾರ್ ಕಾಂಪೌಂಡ್ಸ್' ಎಂಬ ಕೆಟ್ಟ ಅಂಶ ಶೇಕಡಾ 25 ಮೀರಿದರೆ ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಧಾನ್ಯದ ರಾಶಿಯೊಳಗೆ ಕೈಹಾಕಿ, ಒಳಗಿನ ಒದ್ದೆಯನ್ನು ಮುಚ್ಚಿಟ್ಟ ವ್ಯಾಪಾರಿಯನ್ನು ಪ್ರವಾದಿವರ್ಯರು(ಸ) ತರಾಟೆಗೆ ತೆಗೆದುಕೊಂಡದ್ದು ನಿಮಗೆ ತಿಳಿದಿದೆ. ಕಪ್ಪಾದ ಎಣ್ಣೆಯೂ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ.

ಕರಾರು ಪತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ವಿಧಿಸುವ ಅಲ್‌ಬಕರಃ ಅಧ್ಯಾಯದ 282ನೇ ಸೂಕ್ತವು, ತಾನೇ ಹೇಳಿ ಬರೆಯಿಸಲು ಆಗದವನ ಪರವಾಗಿ ಅವನ ಪೋಷಕನು ನ್ಯಾಯಯುತವಾಗಿ ಬರೆಯಿಸಬೇಕೆಂದೂ ತಿಳಿಸುತ್ತದೆ. ಆದ್ದರಿಂದ ವಕೀಲರೊಬ್ಬರಿಂದ ಆ ಪತ್ರವನ್ನು ಕನ್ನಡದಲ್ಲಿ ಸಾಲುಸಾಲಾಗಿ ಓದಿಸಿ ಕೇಳಿ. ಒಡವೆ ಕೊಡುವ ತಾಯಿಯೂ ಅಲ್ಲಿ ಕುಳಿತಿರಲಿ. ಅದೇ ಊರಿನಲ್ಲಿ ಕಂಪೆನಿ ಇನ್ನೊಬ್ಬರಿಗೆ ಅಂಗಡಿ ಕೊಡಬಹುದೇ? ನಡುವೆ ಬಿಟ್ಟರೆ ಮುಂಗಡ ಹಣ ಎಷ್ಟು ಹಿಂದಿರುಗುತ್ತದೆ? ಬೋರ್ಡು ಇಳಿದ ಮೇಲೆ ಆ ಒಲೆ, ಫ್ರೀಜರುಗಳು ಯಾರವು?