ಬಿಸಿಲು ಬೀಳುವ ಗೋಡೆಗೆ ನಾರು-ಸಿಮೆಂಟ್ ಹಲಗೆ: ಆಯ್ಕೆ ಮತ್ತು ಜೋಡಣೆ

ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳ ಹಳ್ಳಿಗಳಿಗೆ ಹೋದಾಗ ರೈತ ಬಾಂಧವರು ಬಿತ್ತನೆ, ಗೊಬ್ಬರ, ಕೀಟಗಳ ವಿಷಯ ಕೇಳುವುದು ವಾಡಿಕೆ. ಈಚೆಗೆ ಅದರ ಜೊತೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. “ಸಾಹೇಬ್ರ, ಪ್ಯಾಟಿಯೊಳಗ ಸಿಮೆಂಟ್ ಬೋರ್ಡ್ ಬಂದಾವ. ಮನಿ ಗ್ವಾಡಿಗೆ ಬಡದ್ರ ನಡೀತದೇನ್ರಿ?” ಎಂದು ಕೇಳುತ್ತಾರೆ.

ಬೇಸಾಯಶಾಸ್ತ್ರ ಓದಿದವನಿಗೆ ಗೌಂಡಿಯ ಕೆಲಸವೇಕೆ ಎಂದು ಯಾರಾದರೂ ಕೇಳಬಹುದು. ಆದರೆ ನಮ್ಮ ಭಾಗದಲ್ಲಿ ಮನೆ ಎಂದರೆ ಮಲಗುವ ಜಾಗ ಮಾತ್ರವಲ್ಲ. ಅಕ್ಟೋಬರ್‌ನಲ್ಲಿ ಒಕ್ಕಿದ ಸೋಯಾ ಅವರೆಯ ಬೀಜವನ್ನು ಜೂನ್ ಬಿತ್ತನೆಯವರೆಗೆ ಕಾಪಾಡುವ ಉಗ್ರಾಣವೂ ಅದೇ. ಆ ಎಂಟು ತಿಂಗಳುಗಳಲ್ಲಿ ಏಪ್ರಿಲ್, ಮೇ ಬರುತ್ತವೆ. ಕೋಣೆ ಕಾದರೆ ಬೀಜವೂ ಕಾಯುತ್ತದೆ, ಮೊಳಕೆ ಶಕ್ತಿ ಕುಗ್ಗುತ್ತದೆ. ಆದುದರಿಂದ ಗೋಡೆಯ ವಿಚಾರ ಹೊಲದ ವಿಚಾರವೂ ಹೌದು.

ನಮ್ಮ ಹವೆ ಮತ್ತು ಮನೆಗಳು

ಬೀದರ ಜಿಲ್ಲೆಯಲ್ಲಿ ಮೇ ತಿಂಗಳ ಹಗಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಬೇಸಿಗೆಯ ಕೊನೆಗೆ ಬಿರುಗಾಳಿ, ಗುಡುಗು, ಒಮ್ಮೊಮ್ಮೆ ಆಲಿಕಲ್ಲು. ಅನಂತರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಗೋಡೆಯ ಹೊರಮೈ ಇಷ್ಟನ್ನೂ ಪ್ರತಿ ವರ್ಷ ತಾಳಬೇಕು.

ಜಂಬಿಟ್ಟಿಗೆ ಅಥವಾ ಕರಿಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇದ್ದ ಹಳೆಯ ಮನೆಗಳು ಹಗಲಿನ ಬಿಸಿಯನ್ನು ನಿಧಾನವಾಗಿ ಒಳಗೆ ಬಿಡುತ್ತಿದ್ದವು. ಅವುಗಳಿಗೂ ಒಂದು ದೋಷವಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಕಂಪವಾದಾಗ ಸಾವಿರಾರು ಜನ ಸತ್ತರು. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗಳು ಬಿಚ್ಚಿಕೊಂಡು, ಭಾರವಾದ ಮಾಳಿಗೆ ಮಲಗಿದ್ದವರ ಮೇಲೆ ಕುಸಿದದ್ದು ಅದಕ್ಕೆ ಮುಖ್ಯ ಕಾರಣ. ಹಗುರವಾದ ಚಾವಣಿ, ಹಗುರವಾದ ಗೋಡೆ ಒಳ್ಳೆಯದೆಂಬ ಮಾತಿಗೆ ಇದರಿಂದ ಬಲ ಬಂದಿತು.

ಆದರೆ ಹಗುರವೆಂದು ಪತ್ರಾಸ್ ಹೊದಿಸಿದರೆ ಮಧ್ಯಾಹ್ನ ಒಳಗೆ ಕೂಡಲಾಗದು. ಈ ಎರಡು ತೊಂದರೆಗಳ ನಡುವೆ ನಾರು-ಸಿಮೆಂಟ್ ಹಲಗೆ ಎಷ್ಟರಮಟ್ಟಿಗೆ ಉಪಯುಕ್ತವೆಂಬುದನ್ನು ಇಲ್ಲಿ ನೋಡೋಣ.

ಹಲಗೆಯಲ್ಲಿ ಏನಿದೆ?

ಸಿಮೆಂಟ್, ನುಣ್ಣನೆಯ ಮರಳು ಅಥವಾ ಹಾರುಬೂದಿ, ಮರದ ತಿರುಳಿನ ನಾರು ಇವುಗಳನ್ನು ನೀರಿನಲ್ಲಿ ಕಲಸಿ, ತೆಳು ಪದರುಗಳಾಗಿ ಒತ್ತಿ ಈ ಹಲಗೆಯನ್ನು ತಯಾರಿಸುತ್ತಾರೆ. ಒಳ್ಳೆಯ ಹಲಗೆಗಳನ್ನು ಒತ್ತಡದ ಹಬೆಯಲ್ಲಿ ಹದಗೊಳಿಸಿರುತ್ತಾರೆ. ಮಣ್ಣಿನ ಗೋಡೆಗೆ ನಾವು ಹೊಟ್ಟು ಬೆರೆಸುವುದು ಏತಕ್ಕೋ ಇಲ್ಲಿ ನಾರು ಬೆರೆಸುವುದೂ ಅದಕ್ಕೇ. ಬರಿಯ ಸಿಮೆಂಟ್ ತೆಳುವಾದರೆ ಮುರಿಯುತ್ತದೆ, ನಾರು ಅದನ್ನು ಹಿಡಿದಿಡುತ್ತದೆ.

ಈ ಹಲಗೆಗೆ ಗೆದ್ದಲು ಹತ್ತುವುದಿಲ್ಲ, ಬೆಂಕಿ ತಗಲುವುದಿಲ್ಲ. ಮನೆಯ ಮಗ್ಗುಲಲ್ಲೇ ಕಣಿಕೆ, ಹೊಟ್ಟು ಒಟ್ಟುವವರಿಗೆ ಇದು ಸಣ್ಣ ಗುಣವಲ್ಲ. ತಗಡಿನಂತೆ ತುಕ್ಕು ಹಿಡಿಯುವುದಿಲ್ಲ. 8 ಅಡಿ ಉದ್ದ, 4 ಅಡಿ ಅಗಲ, 8 ಮಿ.ಮೀ. ದಪ್ಪದ ಒಂದು ಹಲಗೆ ಸುಮಾರು 30ರಿಂದ 35 ಕಿಲೋ ತೂಗುತ್ತದೆ. ಇಬ್ಬರು ಎತ್ತಬಹುದು.

ಕಲ್ನಾರು ಬೇರೆ, ಇದು ಬೇರೆ

ನಾರು ಬೆರೆಸಿದ ಸಿಮೆಂಟ್ ಹಾಳೆಯನ್ನು 1900ರ ಸುಮಾರಿಗೆ ಆಸ್ಟ್ರಿಯಾದ ಲುಡ್ವಿಗ್ ಹಾಟ್ಶೆಕ್ ಎಂಬುವನು ಮೊದಲು ಮಾಡಿದನು. ಅವನು ಬಳಸಿದ್ದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ನಮ್ಮ ಕೊಟ್ಟಿಗೆಗಳ ಮೇಲಿರುವ ಹಳೆಯ ಸಿಮೆಂಟ್ ಪತ್ರಾಗಳಲ್ಲಿ ಹೆಚ್ಚಿನವು ಈ ಜಾತಿಯವು. ಕಲ್ನಾರಿನ ಧೂಳು ಉಸಿರಿನೊಡನೆ ಒಳಹೋದರೆ ಶ್ವಾಸಕೋಶದಲ್ಲಿ ನಿಂತು, ಹಲವು ವರ್ಷಗಳ ಅನಂತರ ಕ್ಯಾನ್ಸರ್ ತರಬಲ್ಲದು. ಎಲ್ಲ ಬಗೆಯ ಕಲ್ನಾರಿಗೂ ಈ ದೋಷವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಅನೇಕ ದೇಶಗಳು ಅದನ್ನು ನಿಷೇಧಿಸಿವೆ.

ಆದುದರಿಂದ ಕೊಳ್ಳುವಾಗ ಮೊದಲ ಪ್ರಶ್ನೆ ಬೆಲೆಯದಲ್ಲ, ನಾರಿನದು. “ಇದರಲ್ಲಿ ಕಲ್ನಾರು ಇದೆಯೇ?” ಎಂದು ಕೇಳಿ, ಇಲ್ಲವೆಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಮನೆಯ ಮೇಲೆ ಈಗಾಗಲೇ ಇರುವ ಹಳೆಯ ಪತ್ರಾ ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಅವಸರದಿಂದ ಕೀಳಬಾರದು. ಅದನ್ನು ಒಡೆಯುವುದು, ಕೊರೆಯುವುದು, ಒಣಗಿದ್ದಾಗ ಉಜ್ಜುವುದು ಅಪಾಯಕರ. ಅದರ ಮೇಲೆ ಕಾಲಿಟ್ಟು ಹತ್ತಲೂಬಾರದು.

ಹಲಗೆ ಗೋಡೆಯಲ್ಲ, ಗೋಡೆಯ ಅಂಗಿ

ರೈತ ಬಾಂಧವರು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇದು. 8 ಮಿ.ಮೀ. ಹಲಗೆ ಮಳೆ, ಬಿಸಿಲಿನ ಏಟನ್ನು ತಾಳುತ್ತದೆ. ಆದರೆ ಬಿಸಿಯನ್ನು ತಾನೊಂದೇ ತಡೆಯಲಾರದು. ಕಲ್ಲಿನ ಗೋಡೆ ಕೆಡವಿ ಒಂಟಿ ಹಲಗೆ ನಿಲ್ಲಿಸಿದವನಿಗೆ ಪತ್ರಾಸ್ ಶೆಡ್ಡಿಗಿಂತ ಹೆಚ್ಚಿನ ತಂಪೇನೂ ದೊರೆಯದು.

ಹಲಗೆಯ ನಿಜವಾದ ಉಪಯೋಗ ಬೇರೆ. ಇರುವ ಗೋಡೆಯ ಹೊರಗೆ ಒಂದು ಅಥವಾ ಒಂದೂವರೆ ಅಂಗುಲ ಸಂದು ಬಿಟ್ಟು ಅದನ್ನು ಕೂಡಿಸಬೇಕು. ಸಂದು ಕೆಳಗೂ ಮೇಲೂ ತೆರೆದಿರಬೇಕು. ಬಿಸಿಲಿಗೆ ಹಲಗೆ ಕಾಯುತ್ತದೆ, ಸಂದಿನೊಳಗಿನ ಗಾಳಿ ಬಿಸಿಯಾಗಿ ಮೇಲೇರಿ ಹೊರಹೋಗುತ್ತದೆ, ಕೆಳಗಿನಿಂದ ಬೇರೆ ಗಾಳಿ ಬರುತ್ತದೆ. ಗೋಡೆ ನೆರಳಿನಲ್ಲಿ ಉಳಿಯುತ್ತದೆ. ಮಳೆಗಾಲದಲ್ಲಿ ಹಲಗೆ ದಾಟಿ ಬಂದ ಅಷ್ಟಿಷ್ಟು ನೀರೂ ಅದೇ ಸಂದಿನಲ್ಲಿ ಕೆಳಗಿಳಿದು ಹೋಗುತ್ತದೆ.

ನಾಲ್ಕೂ ಗೋಡೆಗಳಿಗೆ ಹಣ ಸುರಿಯುವ ಅಗತ್ಯವಿಲ್ಲ. ಮೇ ಎರಡನೆಯ ವಾರದಲ್ಲಿ ನಮ್ಮ ಭಾಗದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಬಿಸಿ ಬರುವುದು ಚಾವಣಿಯಿಂದ, ಹೊತ್ತು ಇಳಿದ ಮೇಲೆ ಪಡುವಣ ಗೋಡೆಯಿಂದ. ಆದುದರಿಂದ ಮೊದಲು ಚಾವಣಿಗೆ ಬಿಳಿ ಸುಣ್ಣ ಅಥವಾ ಬಿಳಿ ಬಣ್ಣ ಬಳಿಯಬೇಕು. ಪತ್ರಾಸ್ ಇದ್ದರೆ ಅದರ ಕೆಳಗೆ ಗಾಳಿಯಾಡುವಂತೆ 6 ಮಿ.ಮೀ. ಹಲಗೆಯ ಒಳಚಾವಣಿ ಹಾಕಬಹುದು. ಎರಡನೆಯದಾಗಿ ಪಡುವಣ ಗೋಡೆ. ಇಷ್ಟಾದ ಮೇಲೆ ಹಣ ಉಳಿದರೆ ಮಳೆಯ ಏಟು ಬೀಳುವ ಗೋಡೆ. ಬೇವಿನ ನೆರಳಿರುವ ಗೋಡೆಗೆ ಹಲಗೆಯೇ ಬೇಡ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. ಚಪ್ಪಟೆ ನಾರು-ಸಿಮೆಂಟ್ ಹಲಗೆಗೆ ಭಾರತೀಯ ಮಾನಕದ ಸಂಖ್ಯೆ ಐ.ಎಸ್. 14862. ಇದರಲ್ಲಿ ‘ಎ’ ಮಾದರಿ ಬಿಸಿಲು, ಮಳೆಗೆ ನೇರವಾಗಿ ಒಡ್ಡುವ ಹೊರಗೋಡೆಗೆ ತಕ್ಕದ್ದು. ‘ಬಿ’ ಮಾದರಿ ಒಳಗಿನ ಕೆಲಸಕ್ಕೆ. ಹಲಗೆಯ ಮೇಲಿನ ಮುದ್ರೆಯನ್ನು ಓದಿಯೇ ಕೊಳ್ಳಬೇಕು.

2. ಅಂಗಡಿಯಲ್ಲಿ ಇದರ ಪಕ್ಕದಲ್ಲೇ ಜಿಪ್ಸಮ್ ಹಲಗೆಯನ್ನೂ ಇಟ್ಟಿರುತ್ತಾರೆ. ಅದು ಅಗ್ಗವೆಂದು ಹೊರಗೋಡೆಗೆ ತರಬಾರದು. ನೀರು ತಾಗಿದರೆ ಮೆತ್ತಗಾಗುತ್ತದೆ.

3. ಹೊರಗೋಡೆಗೆ 8 ಮಿ.ಮೀ. ದಪ್ಪ ಸಾಕು. ಬಯಲಿನಲ್ಲಿ ಒಂಟಿಯಾಗಿ ನಿಂತು ಬಿರುಗಾಳಿಗೆ ಸಿಕ್ಕುವ ಹೊಲದ ಮನೆಗೆ 10 ಮಿ.ಮೀ. ಲೇಸು.

4. ಅಂಚುಗಳನ್ನು ಕಣ್ಣಿಟ್ಟು ನೋಡಬೇಕು. ಪದರು ಬಿಟ್ಟಿದ್ದರೆ, ಮೂಲೆ ಮುರಿದಿದ್ದರೆ, ಹಲಗೆ ಬಾಗಿದ್ದರೆ ಬೇಡ. ಒಂದು ತುಂಡನ್ನು ಮನೆಗೆ ತಂದು ರಾತ್ರಿ ನೀರಿನಲ್ಲಿ ನೆನೆಸಿ, ಹಗಲು ಬಿಸಿಲಿನಲ್ಲಿ ಒಣಗಿಸಿ, ಹೀಗೆ ನಾಲ್ಕೈದು ಸಲ ಮಾಡಿದರೆ ಪದರು ಬಿಡುವ ಮಾಲು ಬಯಲಾಗುತ್ತದೆ.

5. ತಂದ ಹಲಗೆಗಳನ್ನು ಗೋಡೆಗೆ ಆನಿಸಿಡದೆ, ಸಮನಾದ ತುಂಡುಕಟ್ಟಿಗೆಗಳ ಮೇಲೆ ಅಡ್ಡಲಾಗಿ ಒಟ್ಟಿ ಮುಚ್ಚಿಡಬೇಕು.

ಜೋಡಿಸುವ ಕ್ರಮ

ಹಲಗೆಯ ಆಧಾರಪಟ್ಟಿಗಳು ತುಕ್ಕು ಹಿಡಿಯದ ಕಬ್ಬಿಣದವಾಗಿದ್ದರೆ ಒಳ್ಳೆಯದು. ಕಟ್ಟಿಗೆಯವಾದರೆ ಗೆದ್ದಲಿನ ಔಷಧಿ ಬಳಿದು, ನೆಲಕ್ಕೆ ತಾಗದಂತೆ ಕೂಡಿಸಬೇಕು. ಪಟ್ಟಿಯಿಂದ ಪಟ್ಟಿಗೆ 2 ಅಡಿಗಿಂತ ಹೆಚ್ಚು ಅಂತರ ಬೇಡ. ಗಾಳಿಯ ಜಾಗದಲ್ಲಿ ಒಂದೂಕಾಲು ಅಡಿ ಇರಲಿ. ಎರಡು ಹಲಗೆ ಕೂಡುವಲ್ಲಿ ಪಟ್ಟಿ ಕನಿಷ್ಠ 2 ಅಂಗುಲ ಅಗಲವಿರಬೇಕು.

ಈ ಹಲಗೆ ನೀರು ಹೀರಿದಾಗ ತುಸು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಇದನ್ನು ಮರೆತು ಹಲಗೆಗೆ ಹಲಗೆ ಒತ್ತಿ ಕೂಡಿಸಿದರೆ ಮೊದಲ ವರ್ಷದಲ್ಲೇ ಬಿರುಕು ಬರಬಹುದು. ಎರಡು ಹಲಗೆಗಳ ನಡುವೆ 3ರಿಂದ 4 ಮಿ.ಮೀ. ಸಂದು ಬಿಟ್ಟು, ಹಿಗ್ಗಿ ಕುಗ್ಗುವ ಮೇಣದಿಂದ ತುಂಬಬೇಕು. ಸಿಮೆಂಟ್ ಮೆತ್ತಬಾರದು. ಸತುವಿನ ಲೇಪವಿರುವ ತಿರುಪುಮೊಳೆಗಳನ್ನು ಅಡಿಗೊಂದರಂತೆ ಹಾಕಬೇಕು. ಅಂಚಿನಿಂದ ಅರ್ಧ ಅಂಗುಲ, ಮೂಲೆಯಿಂದ 2 ಅಂಗುಲ ಒಳಗೆ ಇರಬೇಕು.

ಹಲಗೆಯ ಕೆಳ ಅಂಚು ನೆಲದಿಂದ 6 ಅಂಗುಲ ಮೇಲಿರಲಿ. ಮಳೆಯ ನೀರು ಸಿಡಿದು ಅಂಚು ನೆನೆಯುವುದು ಇದರಿಂದ ತಪ್ಪುತ್ತದೆ. ಸಂದಿನ ಕೆಳಬಾಯಿಗೂ ಮೇಲ್ಬಾಯಿಗೂ ಸಣ್ಣ ಕಣ್ಣಿನ ತಂತಿಬಲೆ ಕಟ್ಟದಿದ್ದರೆ ಇಲಿ, ಚೇಳು, ಕಣಜ ಅಲ್ಲಿ ಮನೆ ಮಾಡುತ್ತವೆ. ಕೊಯ್ದ ಅಂಚುಗಳಿಗೆಲ್ಲ ಬಣ್ಣ ಹಚ್ಚಬೇಕು. ಹೊರಮೈಗೆ ಹೊರಗೋಡೆಯ ಬಿಳಿ ಬಣ್ಣವೇ ಉತ್ತಮ, ಕಡುಬಣ್ಣ ಬಿಸಿಯನ್ನು ಎಳೆದುಕೊಳ್ಳುತ್ತದೆ.

ಕೊಯ್ಯುವಾಗ ಏಳುವ ಧೂಳು ಕಲ್ನಾರಿನದಲ್ಲದಿದ್ದರೂ ಅದರಲ್ಲಿ ಮರಳಿನ ಪುಡಿಯಿದೆ. ದಿನವೂ ಕುಡಿದರೆ ಶ್ವಾಸಕೋಶ ಕೆಡುತ್ತದೆ. ವೇಗವಾಗಿ ತಿರುಗುವ ಗರಗಸದ ಬದಲು ಮೊನೆಯಿಂದ ಆಳವಾಗಿ ಗೀರಿ ಮುರಿಯಬೇಕು, ಇಲ್ಲವೆ ನೀರು ಬಿಡುತ್ತ ಕೊಯ್ಯಬೇಕು. ಕೆಲಸದವನ ಮೂಗಿಗೆ ಮುಖಗವಸು ಇರಲೇಬೇಕು. ಮಕ್ಕಳನ್ನು ದೂರವಿಡಬೇಕು.

ಎರೆ ಭೂಮಿಯಲ್ಲಿ ಹೊಸ ಗೋಡೆ

ಹೊಸದಾಗಿ ಚೌಕಟ್ಟು ನಿಲ್ಲಿಸಿ ಎರಡೂ ಮೈಗೆ ಹಲಗೆ ಹಾಕುವವರು ಎರೆಮಣ್ಣಿನ ಗುಣವನ್ನು ನೆನಪಿಡಬೇಕು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುವ ಮಣ್ಣಿನಲ್ಲಿ ಕಂಬವನ್ನು ಹಾಗೆಯೇ ಹೂಳಿದರೆ ಕಂಬ ಓಲಾಡುತ್ತದೆ, ಹಲಗೆ ಸೀಳುತ್ತದೆ. ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡಿ, ಕಂಬಗಳ ಬುಡವನ್ನು ಕಾಂಕ್ರೀಟು ತೊಲೆಯಿಂದ ಒಂದಕ್ಕೊಂದು ಬಿಗಿಯಬೇಕು. ಕೆಳಗಿನ 3 ಅಡಿ ಕಲ್ಲಿನಲ್ಲೇ ಕಟ್ಟುವುದು ಒಳ್ಳೆಯದು. ದನ ಕಟ್ಟುವಲ್ಲಿ ಇದು ಕಡ್ಡಾಯವೆಂದೇ ತಿಳಿಯಬೇಕು. ದೇವಣಿ ಹೋರಿಯ ಒಂದು ಹಾಯುವಿಕೆಗೆ ಹಲಗೆ ನಿಲ್ಲದು.

ಲೆಕ್ಕ ಹೀಗೆ

16 ಅಡಿ ಉದ್ದ, 9 ಅಡಿ ಎತ್ತರದ ಪಡುವಣ ಗೋಡೆಯೊಂದನ್ನು ತೆಗೆದುಕೊಳ್ಳೋಣ. ಕೆಳಗೆ 6 ಅಂಗುಲ, ಮೇಲೆ 6 ಅಂಗುಲ ಬಿಟ್ಟರೆ ಮುಚ್ಚುವ ಎತ್ತರ 8 ಅಡಿ. ನಿಲ್ಲಿಸಿ ಕೂಡಿಸಲು 4 ಹಲಗೆ ಬೇಕು. 2 ಅಡಿಗೊಂದರಂತೆ 8 ಅಡಿಯ 9 ಪಟ್ಟಿ, ಸುಮಾರು 110 ತಿರುಪುಮೊಳೆ. ಗೋಡೆಯ ಮೇಲೆ ಬೀಳುವ ಹಲಗೆಯ ಭಾರ 120ರಿಂದ 140 ಕಿಲೋ ಮಾತ್ರ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಂಡು ಅಂಗಡಿಗೆ ಹೋದರೆ ಹೆಚ್ಚಿನ ಮಾಲು ಹೊತ್ತು ತರುವುದು ತಪ್ಪುತ್ತದೆ. ಗೋಡೆಯೇ ಉಬ್ಬಿದ್ದರೆ ಅಥವಾ ಮೂಲೆ ಬಿಟ್ಟಿದ್ದರೆ ಅದನ್ನು ಹಲಗೆಯಿಂದ ಮುಚ್ಚಬಾರದು. ಮೊದಲು ಬಲ್ಲ ಇಂಜಿನಿಯರಿಗೆ ತೋರಿಸಿ ಸರಿಪಡಿಸಬೇಕು.

ಬೀಜದ ಕೋಣೆಗೆ ಆಗುವ ಲಾಭ

ಬೀಜದ ತೇವಾಂಶ ಶೇಕಡ 1ರಷ್ಟು ಇಳಿದರೆ, ಅಥವಾ ಕೋಣೆಯ ಉಷ್ಣತೆ 5 ಡಿಗ್ರಿ ಇಳಿದರೆ, ಬೀಜದ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆಂಬುದು ಹ್ಯಾರಿಂಗ್ಟನ್ ಎಂಬ ವಿಜ್ಞಾನಿ ಹೇಳಿದ ಸ್ಥೂಲ ಸೂತ್ರ. ಸೋಯಾ ಅವರೆಯಂತಹ ಬೇಗನೆ ಸತ್ವ ಕಳೆದುಕೊಳ್ಳುವ ಬೀಜಕ್ಕೆ ಒಂದೆರಡು ಡಿಗ್ರಿಯ ತಂಪೂ ಲಾಭವೇ.

ಆದರೆ ಗೋಡೆಯೊಂದೇ ಬೀಜ ಕಾಯದು. ಬೀಜವನ್ನು ಶೇಕಡ 9ರಿಂದ 10ರ ತೇವಾಂಶಕ್ಕೆ ಒಣಗಿಸಿ, ಚೀಲಗಳನ್ನು ಕಟ್ಟಿಗೆಯ ಹಲಗೆಗಳ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರ ಇಡಬೇಕು. ನಾಲ್ಕಕ್ಕಿಂತ ಹೆಚ್ಚು ಚೀಲಗಳನ್ನು ಒಂದರ ಮೇಲೊಂದು ಒಟ್ಟಬಾರದು. ಮೇ ಕೊನೆಯಲ್ಲಿ 100 ಕಾಳುಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಮೊಳಕೆ ಎಣಿಸಬೇಕು. 70ಕ್ಕೆ ಕಡಿಮೆಯಿಲ್ಲದಿದ್ದರೆ ಬಿತ್ತನೆಗೆ ಯೋಗ್ಯ.

ಒಟ್ಟಿನಲ್ಲಿ, ಕಲ್ನಾರಿಲ್ಲದ ‘ಎ’ ಮಾದರಿಯ ಹಲಗೆ ಆರಿಸಬೇಕು, ಅದನ್ನು ಗೋಡೆಗೆ ಬದಲಾಗಿ ಅಲ್ಲ, ಗೋಡೆಗೆ ನೆರಳಾಗಿ ಬಳಸಬೇಕು, ಸಂದು ಬಿಡುವುದನ್ನು ಮರೆಯಬಾರದು. ಹಣ ಕಡಿಮೆಯಿರುವವರು ಈ ವರ್ಷ ಚಾವಣಿಗೆ ಸುಣ್ಣ ಬಳಿದು, ಬೀಜದ ಕೋಣೆಯ ಪಡುವಣ ಗೋಡೆಯೊಂದನ್ನೇ ಮಾಡಿ ನೋಡಲಿ. ಮೇ ತಿಂಗಳ ಒಂದು ಮಧ್ಯಾಹ್ನ ಹೊದಿಸಿದ ಗೋಡೆಗೂ ಹೊದಿಸದ ಗೋಡೆಗೂ ಒಳಗಿನಿಂದ ಅಂಗೈ ಇಟ್ಟು ನೋಡಿ, ಮುಂದಿನ ಗೋಡೆಯ ತೀರ್ಮಾನ ಮಾಡಬಹುದು.