ಬೀಟ್ ಹಿಡಿದ ಮಗಳಿಗೆ

ಮಗಳೇ, ನಿನಗೆ ಬೀಟ್ ಕೊಟ್ಟಿದ್ದಾರೆ ಅಂತ ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಎರಡು ಹಳ್ಳಿ, ಒಂದು ಡೇರಿ ಸರ್ಕಲ್, ನಾಲೆ ಏರಿಯ ರಸ್ತೆ, ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯ ಒಂದು ತುಂಡು. ಮಂಡ್ಯ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದಿಲ್ಲ. ಕಳ್ಳತನ, ಜೂಜು, ಬದು ಜಗಳ ಇವನ್ನೆಲ್ಲ ಟ್ರೇನಿಂಗಿನಲ್ಲಿ ಹೇಳಿರುತ್ತಾರೆ. ಉಳಿದದ್ದನ್ನು ನಿನ್ನ ಸ್ಟೇಷನ್ನಿನ ದಫೇದಾರರು ಹೇಳಿಕೊಡುತ್ತಾರೆ. ಅವರು ಹೇಳದೆ ಬಿಡಬಹುದಾದ ಒಂದನ್ನು ನಿನ್ನ ದೊಡ್ಡಪ್ಪನಾಗಿ ನಾನು ಹೇಳುತ್ತೇನೆ. ಅರವತ್ತೈದು ದಾಟಿದ ಮೇಲೂ ಗಾಡಿ ಓಡಿಸುವವರು ನಿನ್ನ ಬೀಟಿನಲ್ಲಿ ಯಾರು ಯಾರು ಇದ್ದಾರೆ, ಅದನ್ನು ಮೊದಲು ತಿಳಿದುಕೊ.

ಇದೂ ಪೊಲೀಸ್ ಕೆಲಸವಾ ಅಂತ ಕೇಳಬೇಡ. 2007ರ ಹಿರಿಯ ನಾಗರಿಕರ ಕಾಯ್ದೆಗೆ ಮಾದರಿ ನಿಯಮಗಳಿವೆ. ಠಾಣೆಯಲ್ಲಿ ಹಿರಿಯರ ಪಟ್ಟಿ ಇರಬೇಕು, ಅದರಲ್ಲೂ ಒಂಟಿಯಾಗಿರುವವರದು. ತಿಂಗಳಿಗೊಂದು ಸಲವಾದರೂ ಯಾರಾದರೂ ಹೋಗಿ ಅವರನ್ನು ನೋಡಿ ಬರಬೇಕು ಅಂತ ಅವು ಹೇಳುತ್ತವೆ. ಅಂಥ ಪಟ್ಟಿಗೆ ಹೆಸರು, ವಿಳಾಸ, ಮಕ್ಕಳ ನಂಬರ್ ಬರೆಯುವುದು ಯಾರಿಗಾದರೂ ಹೊಳೆಯುತ್ತದೆ. ಯಾವ ಗಾಡಿ, ದಿನಾ ಎಲ್ಲಿಗೆ, ಎಷ್ಟು ಹೊತ್ತಿಗೆ ಅನ್ನುವ ಕಾಲಂ ಹೊಳೆಯುವುದಿಲ್ಲ. ಆ ಗೆರೆಯನ್ನು ನೀನೇ ಎಳೆದುಕೊ.

ನಮ್ಮ ಕಾಲದಲ್ಲಿ ಬೀಟ್ ಅಂದರೆ ರಾತ್ರಿ ಗಸ್ತು. ಬ್ಯಾಂಕಿನ ಗೇಟಿಗೆ ನೇತುಹಾಕಿದ ಪುಸ್ತಕಕ್ಕೆ ಸಹಿ ಹಾಕಿ, ಸೀಟಿ ಊದಿ, ಮುಂದಿನ ಪಾಯಿಂಟಿಗೆ ಹೋಗುವುದು. ಊರಿನವರ ಮುಖ ನೋಡಿದ್ದೆಲ್ಲ ಜಗಳವಾದಾಗ, ಇಲ್ಲವೇ ಹೆಣ ಬಿದ್ದಾಗ. 2017ರಲ್ಲಿ ಪದ್ಧತಿ ಬದಲಾಗಿ ಒಬ್ಬೊಬ್ಬ ಪೊಲೀಸಿಗೆ ಇಷ್ಟು ಜಾಗ ಅಂತಾಯಿತು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಬಂತು. ನೀನು ಬಾಗಿಲು ತಟ್ಟಿದರೆ ಈಗ ಅದು ನಿನ್ನ ಕರ್ತವ್ಯ, ಯಾರೂ ಗಾಬರಿಯಾಗಬೇಕಿಲ್ಲ. ಆದರೂ ಮೊದಲ ಸಲ ಗಾಬರಿಯಾಗುತ್ತಾರೆ. ಒಂದು ಲೋಟ ನೀರು ಕೇಳಿ ಕುಡಿ, ಅರ್ಧ ಭಯ ಹೋಗುತ್ತದೆ.

ಕಾನೂನಿನ ವಿಷಯ ಸ್ಪಷ್ಟವಾಗಿರಲಿ. ಇಷ್ಟು ವಯಸ್ಸಾದ ಮೇಲೆ ಗಾಡಿ ಓಡಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಐವತ್ತೈದು ದಾಟಿದವರಿಗೆ ಡಿಎಲ್ ಕೊಡುವುದು 5 ವರ್ಷಕ್ಕೆ ಮಾತ್ರ. ನಲವತ್ತು ದಾಟಿದವರು ರಿನ್ಯೂವಲ್‌ಗೆ ಹೋದರೆ ಡಾಕ್ಟರ ಸರ್ಟಿಫಿಕೇಟ್ ಕೊಡಬೇಕು, ಅದು ಫಾರ್ಮ್ 1ಎ. ಅವಧಿ ಮುಗಿದು ಒಂದು ವರ್ಷ ದಾಟಿತೋ, ಮತ್ತೆ ಟೆಸ್ಟ್ ಕೊಡಬೇಕು. ನಿನ್ನ ಬೀಟಿನ ಎಷ್ಟೋ ತಾತಂದಿರ ಡಿಎಲ್ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ, ಅವಧಿ ಮಾತ್ರ ಎಂದೋ ಮುಗಿದಿರುತ್ತದೆ. ಅದನ್ನು ಹಿಡಿದು ಕೇಸ್ ಬರೆದು ತಿಂಗಳ ಲೆಕ್ಕ ತುಂಬಿಸಲು ಹೋಗಬೇಡ. ಡಿಎಲ್ ಇಲ್ಲದೆ ಯಾರಿಗಾದರೂ ಗುದ್ದಿದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ, ಪರಿಹಾರದ ಹಣ ಜಮೀನಿನ ಮೇಲೆ ಬಂದು ಕೂರಬಹುದು ಅಂತ ಬಿಡಿಸಿ ಹೇಳು. ಜಮೀನಿನ ಹೆಸರು ಬಂದರೆ ನಮ್ಮ ಕಡೆಯ ರೈತ ಎದ್ದು ಕೂರುತ್ತಾನೆ.

ಆದರೆ ಮುದುಕರೇ ಅಪಘಾತಕ್ಕೆ ಮೂಲ ಅಂತ ತಲೆಗೆ ಹಾಕಿಕೊಳ್ಳಬೇಡ. ದೇಶದ ರಸ್ತೆಗಳಲ್ಲಿ ಸಾಯುವವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು 18ರಿಂದ 45ರೊಳಗಿನವರು. ಮುದುಕರು ಕುಡಿದು ವೀಲಿಂಗ್ ಮಾಡುವುದಿಲ್ಲ, ನಿಧಾನವಾಗಿ ಹೋಗುತ್ತಾರೆ, ಮಳೆ ಬಂದರೆ ಮರದಡಿ ನಿಲ್ಲುತ್ತಾರೆ. ಅವರ ತೊಂದರೆಯ ಬಗೆಯೇ ಬೇರೆ: ಕಣ್ಣು, ಕತ್ತು, ಮಾತ್ರೆ. ಮತ್ತೆ, ನೀನು ಬಿದ್ದರೆ ಮೊಣಕೈ ತರಚುವ ಕಡೆ ಅವರು ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ.

ಕಣ್ಣಿನದು ಹೇಳುತ್ತೇನೆ ಕೇಳು. ಇಪ್ಪತ್ತರ ವಯಸ್ಸಿನಲ್ಲಿ ಕಣ್ಣಿನೊಳಗೆ ಹೋಗುವ ಬೆಳಕಿನ ಮೂರನೇ ಒಂದು ಪಾಲಿನಷ್ಟೇ ಅರವತ್ತಕ್ಕೆ ಹೋಗುವುದು. ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗಟ್ಟುತ್ತದೆ. ಎದುರಿನ ಲಾರಿಯ ಹೈಬೀಮ್ ಹೊಡೆದರೆ ನಿನಗೆ ಕಣ್ಣು ಮಿಟುಕಿಸುವಷ್ಟರಲ್ಲಿ ರಸ್ತೆ ಮತ್ತೆ ಕಾಣುತ್ತದೆ, ತಾತನಿಗೆ ಅದಕ್ಕೆ ಬಹಳ ಹೊತ್ತು ಬೇಕು. ಅಷ್ಟರಲ್ಲಿ ಅವರ ಎಕ್ಸೆಲ್ ಮೊಪೆಡ್ ಎಷ್ಟೋ ಮಾರು ಹೋಗಿಬಿಟ್ಟಿರುತ್ತದೆ, ಕಣ್ಣು ಕಟ್ಟಿದಂತೆ. ಪೊರೆ ಬಂದಿದ್ದರೆ ದೀಪದ ಸುತ್ತ ಬೆಳಕಿನ ಬಳೆ ಕಾಣುತ್ತದೆ. “ಈಚೆಗೆ ಈ ಹೊಸ ಗಾಡಿಗಳ ಲೈಟು ವಿಪರೀತ ಕಣವ್ವ” ಅಂತ ಯಾರಾದರೂ ಬೈದರೆ, ಬೈಗುಳ ಲೈಟಿಗೆ ಸಲ್ಲುವುದೂ ನಿಜ, ಆದರೂ ಪೊರೆ ಇರಬಹುದು ಅಂತ ಗುರುತು ಹಾಕಿಕೊ. ಪೊರೆ ತೆಗೆಸಿದರೆ ಎಷ್ಟೋ ಜನ ಮತ್ತೆ ನೆಮ್ಮದಿಯಾಗಿ ಓಡಿಸುತ್ತಾರೆ. ಅಂಥವರ ಕೀಲಿಕೈ ಕಿತ್ತುಕೊಳ್ಳುವುದು ಅನ್ಯಾಯ. ಆಶಾ ಕಾರ್ಯಕರ್ತೆಗೆ ಹೇಳಿ ಮುಂದಿನ ಕಣ್ಣಿನ ಕ್ಯಾಂಪಿನ ಪಟ್ಟಿಗೆ ಹೆಸರು ಸೇರಿಸು.

ಒಂದು ಪರೀಕ್ಷೆ ನಿನ್ನ ಕೈಯಲ್ಲೇ ಇದೆ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಕಾಣುತ್ತದೆಯೇ ಅಂತ ಆರ್‌ಟಿಓ ಅರ್ಜಿಯ ಫಾರ್ಮ್ 1ರಲ್ಲೇ ಕೇಳುತ್ತಾರೆ. ಕನ್ನಡಕ ಹಾಕಿಕೊಂಡು ನೋಡಿದರೂ ಆಯಿತು. ಡೇರಿ ಮುಂದೆ ಹಾಲು ಅಳೆಸಲು ನಿಂತವರಿಗೆಲ್ಲ ಆಟದ ಹಾಗೆ ಮಾಡಿಸು, ಸೆಕ್ರೆಟರಿಯಿಂದ ಶುರುಮಾಡು. ಓದಲಾರದವರು ತಾವಾಗಿಯೇ ತಲೆ ಕೆರೆದುಕೊಳ್ಳುತ್ತಾರೆ. ಬಾಯಿಬಿಟ್ಟು ನೀನು ಏನೂ ಹೇಳಬೇಕಾಗಿಲ್ಲ.

ಕತ್ತಿನದು ಸರ್ವಿಸ್ ರಸ್ತೆಯಲ್ಲಿ ಕಾಣುತ್ತದೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, ಅದೇ ವರ್ಷದ ಆಗಸ್ಟಿನಿಂದ ಬೈಕು, ಆಟೊ, ಟ್ರ್ಯಾಕ್ಟರಿಗೆ ಅಲ್ಲಿ ಪ್ರವೇಶವಿಲ್ಲ. ಊರು ಈ ಕಡೆ, ಗದ್ದೆ ಆ ಕಡೆ ಆದವರು ಅಂಡರ್‌ಪಾಸ್ ಹುಡುಕಿಕೊಂಡು ಹೋಗುವುದು ದೂರ ಅಂತ ಸರ್ವಿಸ್ ರಸ್ತೆಯಲ್ಲಿ ಎದುರಿಗೇ ಬರುತ್ತಾರೆ. ಇದು ಹುಡುಗರೂ ಮಾಡುವ ತಪ್ಪು. ಹುಡುಗ ಕತ್ತು ತಿರುಗಿಸಿ ನೋಡಿ ನುಸುಳುತ್ತಾನೆ. ಎಪ್ಪತ್ತರವರ ಕತ್ತು ಅಷ್ಟು ತಿರುಗುವುದಿಲ್ಲ, ಕನ್ನಡಿ ಅಂತೂ ಯಾವತ್ತೋ ಬಿಚ್ಚಿ ಎಸೆದಿರುತ್ತಾರೆ. ವಯಸ್ಸಾದವರು ಪೆಟ್ಟು ತಿನ್ನುವುದು ಹೆಚ್ಚಾಗಿ ಬಲಕ್ಕೆ ತಿರುಗುವಾಗ. ಎದುರಿನ ಗಾಡಿ ಎಷ್ಟು ವೇಗದಲ್ಲಿ ಬರುತ್ತಿದೆ ಅನ್ನುವ ಅಂದಾಜು ಅವರಿಗೆ ತಪ್ಪುತ್ತದೆ. ಎಡಗಡೆ ಅಂಚಿಗೆ ನಿಲ್ಲಿಸಿ, ಕಾಲೂರಿ, ಮೈಯನ್ನೇ ತಿರುಗಿಸಿ ಎರಡೂ ಕಡೆ ನೋಡಿ ಆಮೇಲೆ ದಾಟಿ ಅಂತ ಹೇಳಿಕೊಡು. ಎರಡು ಕನ್ನಡಿ ಹಾಕಿಸು. ಮುಸ್ಸಂಜೆಯ ಮೇಲೆ ನಾಲೆ ಏರಿ ಮೇಲೆ ಬರಬೇಡಿ ಅನ್ನುವುದಕ್ಕೆ ಮಾತ್ರ ರಾಜಿ ಬೇಡ. ಕನಗನಮರಡಿ ಹತ್ತಿರ 2018ರ ನವೆಂಬರಿನಲ್ಲಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದದ್ದು ಹಾಡಹಗಲಿನಲ್ಲಿ. ರಾತ್ರಿ ಆ ಏರಿಯ ಅಂಚು ಯಾವುದು, ನೀರು ಯಾವುದು ಅಂತ ಒಳ್ಳೆಯ ಕಣ್ಣಿಗೇ ತಿಳಿಯುವುದಿಲ್ಲ.

ಈಗ ಮುಖ್ಯವಾದ ಮಾತಿಗೆ ಬಂದೆ, ಇದನ್ನು ಮರೆಯಬೇಡ. ಒಂದು ಬೆಳಗ್ಗೆ ಯಾರೋ ಫೋನ್ ಮಾಡುತ್ತಾರೆ: “ಮೇಡಂ, ಗೌಡರು ಬೆಳಗ್ಗೆನೇ ಏರಿಸಿಕೊಂಡು ಗಾಡಿ ಬೀಳಿಸಿಕೊಂಡವ್ರೆ, ಏನೇನೋ ಮಾತಾಡ್ತಾವ್ರೆ.” ನೀನು ಹೋಗಿ ನೋಡುತ್ತೀಯ. ಮೈ ಬೆವರುತ್ತಿದೆ, ಕೈ ನಡುಗುತ್ತಿದೆ, ನಾಲಗೆ ತೊದಲುತ್ತಿದೆ, ನಿನ್ನನ್ನೇ ಬೈಯುತ್ತಿದ್ದಾರೆ. ಸುತ್ತ ನಿಂತವರು ನಗುತ್ತಿರುತ್ತಾರೆ, ಮೊಬೈಲಿನಲ್ಲಿ ಹಿಡಿಯುತ್ತಿರುತ್ತಾರೆ. ಬಾಯಿ ವಾಸನೆ ನೋಡು, ಬೇಕಾದರೆ ಮಿಷನ್ ತರಿಸಿ ಊದಿಸು. ವಾಸನೆ ಇಲ್ಲದಿದ್ದರೆ, ಇದ್ದರೂ ಕೂಡ, ಮೊದಲು ಕೇಳಬೇಕಾದದ್ದು ಸಕ್ಕರೆ ಕಾಯಿಲೆ ಇದೆಯಾ ಅಂತ. ಶನಿವಾರ ಒಪ್ಪತ್ತು, ಏಕಾದಶಿ ಉಪವಾಸ ಅಂತ ಹೊಟ್ಟೆಗೆ ಏನೂ ಹಾಕದೆ ಸಕ್ಕರೆ ಮಾತ್ರೆ ಮಾತ್ರ ತಪ್ಪದೆ ನುಂಗಿ ಗಾಡಿ ಹತ್ತುವವರು ನಮ್ಮಲ್ಲಿ ಬಹಳ ಜನ. ರಕ್ತದಲ್ಲಿ ಸಕ್ಕರೆ ಇಳಿದರೆ ಮನುಷ್ಯ ಕುಡಿದವನ ಹಾಗೇ ಆಡುತ್ತಾನೆ. ಎಚ್ಚರವಿದ್ದು ನುಂಗುವ ಶಕ್ತಿ ಇದ್ದರೆ ಸಕ್ಕರೆ ನೀರೋ ಬೆಲ್ಲವೋ ಕೊಡು, ಕಾಲು ಗಂಟೆಯಲ್ಲಿ ಮನುಷ್ಯ ಮನುಷ್ಯನಾಗುತ್ತಾನೆ. ಆಮೇಲೆ ಊಟ ಮಾಡಿಸು, ಕೂಡಲೇ ಗಾಡಿ ಹತ್ತಲು ಬಿಡಬೇಡ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡ, 108ಕ್ಕೆ ಫೋನ್ ಮಾಡು.

ಇನ್ನೊಂದು ಇದರ ಹಾಗೇ ಕಾಣುತ್ತದೆ. ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ, ಎರಡೂ ಕೈ ಎತ್ತಿ ಅಂದರೆ ಒಂದು ಕೆಳಗೆ ಬೀಳುತ್ತದೆ, ಮಾತು ಹೊರಳುವುದಿಲ್ಲ. ಅದು ಲಕ್ವ. ಬಾಯಿಗೆ ನೀರು ಕೂಡ ಬೇಡ. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ಮನೆಯವರನ್ನು ಕೇಳಿ ಬರೆದುಕೊ, ಡಾಕ್ಟರು ಕೇಳುವ ಮೊದಲ ಪ್ರಶ್ನೆ ಅದೇ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಟ್ಟಾಗಬೇಕು, ಅದಕ್ಕೂ ಸಾಕಷ್ಟು ಮುಂಚೆಯೇ ತಲೆ ಸ್ಕ್ಯಾನ್ ಇರುವ ಆಸ್ಪತ್ರೆ ಮುಟ್ಟಿರಬೇಕು. ಇಂಥವರನ್ನು ಕುಡುಕ ಅಂತ ಸ್ಟೇಷನ್ ಜಗಲಿಯ ಮೇಲೆ ಕೂರಿಸಿದರೆ ಆ ಹೊತ್ತು ಅಲ್ಲೇ ಕಳೆದುಹೋಗುತ್ತದೆ. ಹಾಗೆಯೇ ಹೃದಯಕ್ಕೆ ಅಂತ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಸಣ್ಣ ಪೆಟ್ಟಾಗಿದ್ದರೆ, “ಏನಿಲ್ಲ ಬುಡವ್ವ” ಅಂದರೂ ಬಿಡಬೇಡ. ಒಳಗೆ ರಕ್ತ ನಿಧಾನಕ್ಕೆ ಸೋರಿ ರಾತ್ರಿಯ ಹೊತ್ತಿಗೆ ಕೆಡಬಹುದು. ದುಡ್ಡಿಲ್ಲ ಅಂತ ಹಿಂಜರಿದರೆ, 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ 7 ದಿನದವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದಿಲ್ಲದೆ ಸಿಗುವ ಯೋಜನೆ ಇದೆ ಅಂತ ಹೇಳು. ಅದಕ್ಕೆ ಠಾಣೆಯಿಂದ ಖಾತರಿ ಬೇಕು, ಆ ಕೆಲಸ ನಿನ್ನದು.

ಕೀಲಿಕೈ ವಿಷಯಕ್ಕೆ ಬರೋಣ. ಕೆಲವರು ನಿಜವಾಗಿಯೂ ನಿಲ್ಲಿಸಬೇಕಾದವರು ಇರುತ್ತಾರೆ. ಗೊತ್ತಿದ್ದ ದಾರಿಯಲ್ಲೇ ತಪ್ಪುತ್ತಾರೆ, ಬ್ರೇಕ್ ಬದಲು ಎಕ್ಸಲರೇಟರ್ ತಿರುವುತ್ತಾರೆ, ಗಾಡಿಯ ಮೇಲೆ ದಿನಾ ಹೊಸ ಗೀರು ಕಾಣುತ್ತದೆ. ಹೀಗಾದಾಗ ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡುವುದು ಸುಲಭ. ಅದನ್ನು ಮೊದಲು ಮಾಡಬೇಡ. ಮಗ ಯುಗಾದಿಗೆ ಬರುತ್ತಾನೆ, ಕೀಲಿಕೈ ಬಚ್ಚಿಟ್ಟು ಹೋಗುತ್ತಾನೆ. ಮಾರನೆಯ ದಿನ ಡೇರಿಗೆ ಹಾಲು ಯಾರು ಹಾಕಬೇಕು? ಬೆಳಗ್ಗೆ ಸಂಜೆ ಎರಡು ಹೊತ್ತು ಕ್ಯಾನು ಹೋಗಲೇಬೇಕು, ಹಸು ಯುಗಾದಿ ನೋಡುವುದಿಲ್ಲ. ತಾತ ಅಲ್ಲಿ ಇಲ್ಲಿ ಹುಡುಕಿ ಇನ್ನೊಂದು ಕೀಲಿ ಮಾಡಿಸುತ್ತಾರೆ, ಆಮೇಲೆ ನಿನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾರೆ. ಇಷ್ಟು ದಿನ ಕಟ್ಟಿದ ನಂಟು ಹೋಯಿತು.

ಅದಕ್ಕೇ ಮೊದಲು ಹಾಲಿನ ಏರ್ಪಾಡು ಮಾಡು, ಗಾಡಿಯ ಮಾತು ಆಮೇಲೆ. ಅದೇ ಬೀದಿಯಿಂದ ಡೇರಿಗೆ ಹೋಗುವ ಹುಡುಗ ಯಾರು, ಅವನ ಗಾಡಿಗೆ ಇನ್ನೊಂದು ಕ್ಯಾನ್ ಕಟ್ಟಲಾಗುತ್ತದೆಯೇ, ಸೆಕ್ರೆಟರಿ ಜೊತೆ ಕೂತು ಗೊತ್ತುಮಾಡು. ಪಿಂಚಣಿ ತರಲು ಬ್ಯಾಂಕಿಗೆ ಹೋಗುವ ದಿನ ಬಸ್ಸಿನಲ್ಲಿ ಹೋಗಲಿ, ಅರವತ್ತು ದಾಟಿದವರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಟಿಕೆಟ್ಟಿನ ಮೇಲೆ 25% ರಿಯಾಯಿತಿ ಇದೆ. (2023ರ ಜೂನಿನಿಂದ ಅಜ್ಜಿಯಂದಿರಿಗೆ ಬಸ್ಸು ಬಿಟ್ಟಿ. ಅವರು ಎಕ್ಸೆಲ್ಲಿನ ಹಿಂದೆ ಕೂತು ಜೀವ ಕೈಯಲ್ಲಿ ಹಿಡಿಯುವುದು ಅಷ್ಟರಮಟ್ಟಿಗೆ ತಪ್ಪಿತು. ಶಕ್ತಿ ಯೋಜನೆಯ ಈ ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.) ಇಷ್ಟಾದ ಮೇಲೆ ತಾತನ ಜೊತೆ ಒಬ್ಬಳೇ ಕೂತು ಮಾತಾಡು, ಸೊಸೆಯ ಎದುರಿಗೆ ಬೇಡ. ಪೂರ್ತಿ ಬಿಡಿ ಅನ್ನಬೇಡ. ರಾತ್ರಿ ಬಿಡಿ, ಹೆದ್ದಾರಿ ಕಡೆ ಬಿಡಿ, ಊರೊಳಗೆ ಹಗಲು ಓಡಿಸಿ ಅಂತ ಶುರುಮಾಡು. ನನ್ನಂಥ ಗಂಡಸು ಹೋಗಿ ಹೇಳಿದರೆ ಅವರಿಗೆ ಮೀಸೆ ಅಡ್ಡ ಬರುತ್ತದೆ. ಮೊಮ್ಮಗಳ ವಯಸ್ಸಿನ ನೀನು “ತಾತ” ಅಂದರೆ ಕೇಳುವವರು ಇದ್ದಾರೆ. ಇಲಾಖೆ ನಿನಗೆ ಕೊಟ್ಟ ಲಾಠಿಗಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಏನು ಮಾಡಿದರೂ ಕೇಳದೆ, ಶಾಲೆ ಮಕ್ಕಳ ನಡುವೆ ನುಗ್ಗಿಸುವಂಥವರು ಸಿಕ್ಕರೆ ಆಗ ಮರುಕ ಬೇಡ. ಕಾಯಿಲೆಯಿಂದ ಓಡಿಸಲು ಆಗದವರ ಲೈಸೆನ್ಸ್ ರದ್ದು ಮಾಡಲು, ಇಲ್ಲವೇ ಹೊಸದಾಗಿ ಡಾಕ್ಟರ ಸರ್ಟಿಫಿಕೇಟ್ ತರಿಸಲು ಮೋಟಾರು ವಾಹನ ಕಾಯ್ದೆಯ 16ನೇ ಕಲಮಿನಲ್ಲಿ ಆರ್‌ಟಿಓಗೆ ಅಧಿಕಾರವಿದೆ. ಸಾಹೇಬರಿಗೆ ಹೇಳಿ ವರದಿ ಕಳಿಸು. ವರದಿಯಲ್ಲಿ ವಯಸ್ಸನ್ನು ಕಾರಣವಾಗಿ ಬರೆಯಬೇಡ, ಕಂಡ ಘಟನೆ, ತಾರೀಖು, ಜಾಗ ಬರೆ.

ಹೆಲ್ಮೆಟ್ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಬಿಡುತ್ತೇನೆ. ಬೆಲ್ಟು ಬಿಗಿಯದೆ ಟೋಪಿಯ ಹಾಗೆ ಇಟ್ಟುಕೊಂಡವರಿಗೆ ಬೆಲ್ಟು ಹಾಕಿಸುವಷ್ಟು ಮಾಡು ಸಾಕು.

ಕೊನೆಯದಾಗಿ, ಇಷ್ಟು ಹೊತ್ತು ತಾತಂದಿರನ್ನೇ ತಿದ್ದುವ ಮಾತಾಯಿತು. ರಸ್ತೆಯ ಮೇಲೆ ಅವರಿಗೆ ಕಾಣದಂತೆ ಬಂದು ನಿಲ್ಲುವವರನ್ನೂ ತಿದ್ದಬೇಕು. ಸುಗ್ಗಿಯಲ್ಲಿ ಟಾರು ರಸ್ತೆಗೆ ಹುರುಳಿ, ರಾಗಿ ಹರವಿ ಒಕ್ಕಣೆ ಮಾಡುತ್ತಾರೆ, ಎರಡು ಚಕ್ರ ಅದರ ಮೇಲೆ ಹತ್ತಿದರೆ ಜಾರುತ್ತದೆ. ರಾಶಿ ಕಾಯಲು ಇಟ್ಟ ಕಲ್ಲುಗಳನ್ನು ಸಂಜೆ ತೆಗೆಯುವುದಿಲ್ಲ. ಗ್ರಾಮ ಪಂಚಾಯಿತಿಯವರ ಜೊತೆ ಹೋಗಿ ಕಣದ ಜಾಗ ತೋರಿಸು, ಕಲ್ಲನ್ನಂತೂ ನಿಂತು ತೆಗೆಸು. ಕಾರ್ಖಾನೆ, ಆಲೆಮನೆಗಳಿಗೆ ಕಬ್ಬು ಸಾಗಿಸುವ ಟ್ರೈಲರುಗಳಲ್ಲಿ ಹಿಂದೆ ದೀಪ ಇಲ್ಲದವೇ ಹೆಚ್ಚು, ಇದ್ದರೂ ಸೋಗೆ ಮುಚ್ಚಿರುತ್ತದೆ. ಒಂದು ರಾತ್ರಿ ರಸ್ತೆ ಮಧ್ಯೆ ಚಕ್ರ ಪಂಚರ್ ಆಗಿ ನಿಂತರೆ ಪೊರೆ ಬಂದ ಕಣ್ಣಿಗೆ ಅದು ಕಾಣುವುದು ಡಿಕ್ಕಿಯಾದ ಮೇಲೆ. ಕಟಾವು ಶುರುವಾಗುವ ಮುಂಚೆ ಟ್ರ್ಯಾಕ್ಟರ್ ಮಾಲೀಕರನ್ನು ಕರೆಸು, ರಿಫ್ಲೆಕ್ಟರ್ ಟೇಪ್ ತರಿಸು, ಹಿಂದಿನ ಹಲಗೆಗೂ ಎರಡು ಮಗ್ಗುಲಿಗೂ ನಿನ್ನ ಕಣ್ಣೆದುರೇ ಅಂಟಿಸು. ಸೋಗೆ ಇಳಿಬೀಳದ ಎತ್ತರ ನೋಡಿ ಅಂಟಿಸಬೇಕು. ಮಣ್ಣು ಮೆತ್ತಿದರೆ ಹೊಳೆಯುವುದಿಲ್ಲ, ಅದಕ್ಕೆ ವಾರಕ್ಕೊಮ್ಮೆ ಒರೆಸಬೇಕು ಅಂತ ಡ್ರೈವರುಗಳಿಗೆ ಹೇಳು, ಒರೆಸಿದ್ದಾರಾ ಅಂತ ರಾತ್ರಿ ಬೀಟಿಗೆ ಹೋದಾಗ ಟಾರ್ಚ್ ಬಿಟ್ಟು ನೋಡು.