ಮೋಟಾರು ಸೈಕಲ್ಲಿನ ಮುಂದಿನ ಫೋರ್ಕು: ಸವೆತ ಮತ್ತು ದುರಸ್ತಿ

ಹಳ್ಳಕೊಳ್ಳದ ರಸ್ತೆಯಲ್ಲಿ ಮೋಟಾರು ಸೈಕಲ್ಲಿನ ಮುಂದಿನ ಚಕ್ರವು ಎಷ್ಟು ಕುಣಿದರೂ ಸವಾರನ ಕೈಗೆ ಅಷ್ಟಾಗಿ ಪೆಟ್ಟು ತಗಲುವುದಿಲ್ಲ. ಚಕ್ರದ ಇಬ್ಬದಿಯಲ್ಲಿರುವ ಫೋರ್ಕಿನ ಎರಡು ಕಾಲುಗಳೇ ಇದಕ್ಕೆ ಕಾರಣ. ಇವು ಕೆಲಸ ಮಾಡುವ ಬಗೆಯನ್ನೂ ಸವೆದಾಗ ಮಾಡಬೇಕಾದ ದುರಸ್ತಿಯನ್ನೂ ನಾವೀಗ ವಿಚಾರಿಸೋಣ.

ಪ್ರತಿಯೊಂದು ಕಾಲಿನಲ್ಲಿಯೂ ಒಂದರೊಡನೊಂದು ಜಾರುವ ಎರಡು ಕೊಳವೆಗಳು, ಒಂದು ಸುರುಳಿ ಸ್ಪ್ರಿಂಗು ಮತ್ತು ಸ್ವಲ್ಪ ತೈಲ ಇರುತ್ತವೆ. ಇಂತಹ ತೈಲಯುಕ್ತ ಫೋರ್ಕು 1935ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಆರ್ 12 ವಾಹನದಲ್ಲಿ ಬಂದಿತು. 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ ವಾಹನಗಳಲ್ಲಿದ್ದುದೂ ಇದೇ ತತ್ತ್ವದ ಫೋರ್ಕು.

ಸ್ಪ್ರಿಂಗೊಂದೇ ಇದ್ದರೆ ಸಾಲದೇ? ಸಾಲದು. ಎರಡು ಸ್ಪ್ರಿಂಗುಗಳನ್ನೂ ಒಟ್ಟಿಗೆ 1 ಮಿಲಿಮೀಟರ್ ಅದುಮಲು 10 ನ್ಯೂಟನ್ ಬಲ ಬೇಕೆಂದೂ, ಅವು ಹೊರುವ ದ್ರವ್ಯರಾಶಿ 80 ಕಿಲೋಗ್ರಾಂ ಎಂದೂ ಇಟ್ಟುಕೊಳ್ಳೋಣ. ಲೆಕ್ಕಹಾಕಿದರೆ ಸೆಕೆಂಡಿಗೆ ಸುಮಾರು 1.8 ಆಂದೋಲನಗಳಾಗುತ್ತವೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ರಸ್ತೆಯ ಉಬ್ಬುಗಳು ಸುಮಾರು ಐದೂವರೆ ಮೀಟರಿಗೊಂದರಂತೆ ಬಂದರೆ, ಪ್ರತಿ ಉಬ್ಬೂ ಅದೇ ತಾಳಕ್ಕೆ ತಳ್ಳಿ ಕುಣಿತವು ಬೆಳೆಯುತ್ತ ಹೋಗುತ್ತದೆ. ಇದೇ ಅನುರಣನ. ತೈಲವು ಕಿರಿದಾದ ರಂಧ್ರಗಳ ಮೂಲಕ ಹರಿಯುವಾಗ ಅದರ ಸ್ನಿಗ್ಧತೆಯು ಚಲನೆಯನ್ನು ತಡೆದು, ಆಂದೋಲನದ ಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸುತ್ತದೆ. ಆದುದರಿಂದ ಕುಣಿತವು ಬೇಗನೆ ಅಡಗುತ್ತದೆ.

ಸವೆತವನ್ನು ಪರೀಕ್ಷಿಸುವುದು ಸುಲಭ. ನಿಂತ ವಾಹನದ ಮುಂದಿನ ಬ್ರೇಕನ್ನು ಹಿಡಿದು ಹ್ಯಾಂಡಲನ್ನು ಬಲವಾಗಿ ಅದುಮಿ ಬಿಡಬೇಕು. ಅದು ಮೇಲಕ್ಕೆ ಬಂದು ನೆಲೆಗೊಳ್ಳದೆ ಮತ್ತೆ ಮತ್ತೆ ಕುಣಿದರೆ ತೈಲವು ಕಡಿಮೆಯಾಗಿದೆ ಅಥವಾ ಹಳತಾಗಿದೆಯೆಂದು ಶಂಕಿಸಬಹುದು. ಕೊಳವೆಯ ಮೇಲೆ ತೈಲದ ಉಂಗುರ ಕಂಡರೆ ಸೀಲು ಸೋರುತ್ತಿದೆ. ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಫೋರ್ಕಿನ ತುದಿಗಳನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿದಾಗ ಕೊಳವೆಗಳ ನಡುವೆ ಸಡಿಲ ಕಂಡರೆ ಬುಷ್ಷುಗಳು ಸವೆದಿವೆ. ಹ್ಯಾಂಡಲಿನ ಬುಡದಲ್ಲಿ ಸಡಿಲ ಕಂಡರೆ ದೋಷವು ಅಲ್ಲಿಯ ಬೇರಿಂಗಿನದು.

ಬಿಚ್ಚಿದ ಕೊಳವೆಯನ್ನು ಸಮತಟ್ಟಾದ ದಪ್ಪ ಗಾಜಿನ ಮೇಲೆ ಉರುಳಿಸಿದರೆ, ಬಗ್ಗಿದ್ದಲ್ಲಿ ಅಡಿಯಲ್ಲಿ ಬೆಳಕಿನ ಸಂದು ಹಿಗ್ಗುತ್ತ ಕುಗ್ಗುತ್ತ ತೋರುತ್ತದೆ. ಅಲ್ಪ ಬಾಗನ್ನು ನುರಿತ ಕೆಲಸಗಾರನು ಪ್ರೆಸ್ಸಿನಲ್ಲಿ ನೆಟ್ಟಗೆ ಮಾಡಬಲ್ಲನು. ಆದರೆ ಬೆಂಕಿಯಲ್ಲಿ ಕಾಯಿಸಕೂಡದು, ಉಕ್ಕು ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಮಡಿಕೆ ಅಥವಾ ಬಿರುಕು ಬಿದ್ದ ಕೊಳವೆಯನ್ನು ಬದಲಾಯಿಸಲೇಬೇಕು. ಕ್ರೋಮಿಯಂ ಲೇಪವು ತುಕ್ಕಿನಿಂದ ಗುಳಿಬಿದ್ದಿದ್ದರೆ ಹೊಸ ಸೀಲು ಹಾಕಿಯೂ ಫಲವಿಲ್ಲ. ಗುಳಿಯ ಅಂಚು ಅದರ ತುಟಿಯನ್ನು ಕೊಯ್ದುಬಿಡುತ್ತದೆ. ಆಗ ಮರುಲೇಪನ ಮಾಡಿಸಿ ಅಳತೆಗೆ ಸರಿಯಾಗಿ ಉಜ್ಜಿಸಬೇಕು, ಇಲ್ಲವೇ ಹೊಸ ಕೊಳವೆ ಹಾಕಿಸಬೇಕು. ಸೀಲುಗಳನ್ನು ಜೊತೆಯಾಗಿಯೇ ಬದಲಾಯಿಸಿ, ತಯಾರಕರು ಹೇಳಿದ ದರ್ಜೆಯ ತೈಲವನ್ನು ಅವರು ಹೇಳಿದ ಪ್ರಮಾಣದಲ್ಲಿಯೇ ತುಂಬತಕ್ಕದ್ದು. ತೈಲದ ಮೇಲೆ ಉಳಿಯುವ ಗಾಳಿಯೂ ಅದುಮಲ್ಪಟ್ಟಾಗ ಸ್ಪ್ರಿಂಗಿನಂತೆ ವರ್ತಿಸುವುದರಿಂದ ಅಳತೆ ತಪ್ಪಿದರೆ ಫೋರ್ಕಿನ ಗುಣವೇ ಬದಲಾಗುತ್ತದೆ.

ಇದು ಕೇವಲ ಸುಖಪ್ರಯಾಣದ ಮಾತಲ್ಲ. ಬ್ರೇಕು ಹಾಕಿದೊಡನೆ ಭಾರವು ಮುಂದಿನ ಚಕ್ರಕ್ಕೆ ಸರಿಯುತ್ತದೆ. ವಾಹನವನ್ನು ನಿಲ್ಲಿಸುವ ಹೆಚ್ಚಿನ ಹೊಣೆ ಆ ಚಕ್ರದ್ದೇ. ಕುಣಿಯುವ ಚಕ್ರವು ನೆಲವನ್ನು ಬಿಟ್ಟ ಕ್ಷಣದಲ್ಲಿ ಘರ್ಷಣೆಯೇ ಇರುವುದಿಲ್ಲ. ಸೋರಿದ ತೈಲವು ಬ್ರೇಕಿನ ಮೇಲೆ ಬಿದ್ದರಂತೂ ಹಿಡಿತವೇ ತಪ್ಪಬಹುದು. ಆದಕಾರಣ ತೈಲದ ಮೊದಲ ಉಂಗುರವನ್ನು ಕಂಡಾಗಲೇ ದುರಸ್ತಿಗೆ ತೊಡಗುವುದು ವಿವೇಕ.